ಕಪ್ಪು ಮುಲಾಮು ಹಾಕಿದ ಪಿನ್ನು ಬಿದ್ರಿಯಲ್ಲ

ಮಾನ್ಯ ಸಂಪಾದಕರೇ,

ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ, ನವೆಂಬರ್ 1ರ ರಾಜ್ಯೋತ್ಸವ ಹತ್ತಿರ ಬಂತೆಂದರೆ ಬೀದರ್, ಕಲಬುರಗಿ, ಯಾದಗಿರಿಯ ಸಂಘಗಳು, ಶಾಲೆಗಳು, ಕಚೇರಿಗಳು ಎದೆಗೆ ಚುಚ್ಚುವ ಪಿನ್ನುಗಳನ್ನು ಮಾಡಿಸುತ್ತವೆ. ಆರ್ಡರ್ ಚೀಟಿಯಲ್ಲಿ ‘ಲೋಗೊ, ಒಂದು ಇಂಚು, 500 ನಗ’ ಎಂದಷ್ಟೇ ಇರುತ್ತದೆ. ಯಾವ ಲೋಹ, ಬಣ್ಣ ಹೇಗೆ ತುಂಬಬೇಕು, ಹಿಂದೆ ಯಾವ ಕ್ಲಚ್ಚು (ಮೊಳೆಯನ್ನು ಹಿಡಿದಿಡುವ ಗುಂಡಿ) ಎಂಬ ಮಾತೇ ಇಲ್ಲ. ಹೀಗಾಗಿಯೇ ಸತುವಿನ ಎರಕಕ್ಕೆ ಕಪ್ಪು ಮುಲಾಮು (ತೆಳು ಲೋಹಲೇಪ) ಹಾಕಿ, ಮೇಲೆ ಬಿಳಿ ಹೂಬಳ್ಳಿ ಅಚ್ಚು ಹಾಕಿದ ಮಾಲು ‘ಬಿದ್ರಿ ಪಿನ್’ ಎಂಬ ಹೆಸರಿನಲ್ಲಿ ನಮ್ಮದೇ ಊರಿನ ವೇದಿಕೆಗಳ ಮೇಲೆ ಹಂಚಿಕೆಯಾಗುತ್ತಿದೆ. ಬಿದ್ರಿ ಎಂದರೆ ಸತುವಿನ ಎರಕದಲ್ಲಿ ಬೆಳ್ಳಿ ತಂತಿ ಕೂರಿಸಿ, ಸತುವನ್ನು ಕಪ್ಪು ಮಾಡುವ ಬೀದರಿನ ಕೈಕೆಲಸ. 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ತಂದುಕೊಟ್ಟ ಕಸುಬಿನ ಹೆಸರು ಅದು. ಹಾಗೆ ಹಂಚುವುದು ತಪ್ಪು.

ಮೊದಲು ಸಾಮಾನ್ಯ ಪಿನ್ನಿನ ಮಾತು. 1.2ರಿಂದ 1.5 ಮಿ.ಮೀ. ದಪ್ಪದ ಹಿತ್ತಾಳೆ ಅಥವಾ ಕಬ್ಬಿಣದ ತಗಡನ್ನು ಉಕ್ಕಿನ ಅಚ್ಚಿಗೆ ಕೊಟ್ಟು ಪ್ರೆಸ್ಸಿನಲ್ಲಿ ಒತ್ತಿದಾಗ ಬಣ್ಣ ನಿಲ್ಲುವ ತಗ್ಗುಗಳೂ ಅವುಗಳ ನಡುವೆ ಲೋಹದ ಬದುಗಳೂ ಮೂಡುತ್ತವೆ. ಹೊಲದ ಬದುವಿನ ಕೆಲಸವೇ ಇದರದ್ದೂ. ಬದುವಿನ ಅಗಲ 0.2 ಮಿ.ಮೀ.ಗಿಂತ ಸಣ್ಣದಾದರೆ ಹಳದಿ ಬಣ್ಣ ಅದನ್ನು ದಾಟಿ ಕೆಂಪಿಗೆ ಸೇರುತ್ತದೆ. ಕನ್ನಡ ಅಕ್ಷರಕ್ಕೆ ಇನ್ನೂ ಎಚ್ಚರ ಬೇಕು. ಇಂಗ್ಲಿಷಿನ ದೊಡ್ಡಕ್ಷರ 1.5 ಮಿ.ಮೀ. ಎತ್ತರದಲ್ಲೂ ಓದಲು ಬರುತ್ತದೆ. ಅದೇ ಅಳತೆಯಲ್ಲಿ ‘ಕಲ್ಯಾಣ ಕರ್ನಾಟಕ’ ಬರೆಸಿದರೆ ‘ಲ್ಯಾ’ದ ಒತ್ತು ಗಂಟಾಗುತ್ತದೆ, ‘ಣ’ದ ಸುಳಿ ಮುಚ್ಚಿಹೋಗುತ್ತದೆ, ಅರ್ಕಾವೊತ್ತು ಬರೀ ಚುಕ್ಕೆಯಾಗಿ ಉಳಿಯುತ್ತದೆ. ಮೂಲಾಕ್ಷರವೇ 2.5 ಮಿ.ಮೀ. ಇರಲಿ, ಒತ್ತಿಗೆ ಕೆಳಗೆ ಬೇರೆ ಜಾಗ ಬಿಡಿ. 25 ಮಿ.ಮೀ. ಬಿಲ್ಲೆಯಲ್ಲಿ ಈ ಎರಡು ಪದ ಮೇಲೊಂದು ಕೆಳಗೊಂದು ಹಿಡಿಯುತ್ತವೆ. ಸಂಘದ ಪೂರ್ತಿ ಹೆಸರು, ಊರು, ಸ್ಥಾಪನೆಯ ವರ್ಷ ಎಲ್ಲವನ್ನೂ ತುರುಕಬೇಡಿ.

ಎನಾಮೆಲ್ಲಿನಲ್ಲಿ, ಅಂದರೆ ತಗ್ಗಿಗೆ ತುಂಬುವ ಬಣ್ಣದಲ್ಲಿ, ಸಾಫ್ಟ್, ಹಾರ್ಡ್ ಎಂದು ಎರಡು ಬಗೆ. ಸಾಫ್ಟಿನಲ್ಲಿ ಮೊದಲು ಮುಲಾಮು, ಆಮೇಲೆ ಸೂಜಿಮೊನೆಯ ಸಿರಿಂಜಿನಿಂದ ಬಣ್ಣ ತುಂಬಿ ಒಲೆಯಲ್ಲಿ ಒಣಗಿಸುತ್ತಾರೆ. ಬಣ್ಣ ಬದುವಿಗಿಂತ ಕೆಳಗೆ ನಿಲ್ಲುವುದರಿಂದ ಬೆರಳಾಡಿಸಿದರೆ ಏರುತಗ್ಗು ತಿಳಿಯುತ್ತದೆ. ಹಾರ್ಡಿನಲ್ಲಿ ಬಣ್ಣವನ್ನು ಬದುವಿನ ಮಟ್ಟಕ್ಕಿಂತ ಮೇಲೆ ಬರುವಷ್ಟು ತುಂಬಿ, ಕಾಯಿಸಿ, ಸಮನಾಗಿ ಉಜ್ಜಿ, ಪಾಲಿಶ್ ಮಾಡಿ, ಕೊನೆಗೆ ಮುಲಾಮು ಹಾಕಬೇಕು. ಅವಸರದಲ್ಲಿ ಕಡಿಮೆ ತುಂಬಿದರೆ ಉಜ್ಜಿದ ಮೇಲೆ ಗುಳಿ ಕಾಣುತ್ತದೆ, ಗಾಳಿಗುಳ್ಳೆ ಉಳಿದಿದ್ದರೆ ಸೂಜಿ ಚುಚ್ಚಿದಂಥ ರಂಧ್ರ ಬೀಳುತ್ತದೆ. ವರ್ಷಗಟ್ಟಲೆ ಧರಿಸುವ ಪಿನ್ನಿಗೆ ಹಾರ್ಡ್ ಬಗೆಯೇ ಸರಿ. ಮುದ್ರಿಸಿದ ಚಿತ್ರದ ಮೇಲೆ ಎಪಾಕ್ಸಿ (ಪಾರದರ್ಶಕ ರಾಳ) ಹೊಯ್ದ ಪಿನ್ನು ಒಂದು ದಿನದ ಕಾರ್ಯಕ್ರಮಕ್ಕೆ ಸಾಕು. ನಮ್ಮ ಕಡೆಯ ಬಿಸಿಲಿಗೆ ಅದು ಬೇಗ ಹಳದಿಗಟ್ಟುತ್ತದೆ.

ಲೋಹ ಯಾವುದೆಂದು ತಿಳಿಯಲು ಕ್ಲಚ್ಚು ಬಿಚ್ಚಿಟ್ಟು, ಪಿನ್ನಿನ ಮುಖಕ್ಕೆ ಅಯಸ್ಕಾಂತ ಹಿಡಿಯಿರಿ. ಗಟ್ಟಿಯಾಗಿ ಕಚ್ಚಿಕೊಂಡರೆ ಕಬ್ಬಿಣ. ಅಂಚಿನಲ್ಲಿ ಮುಲಾಮು ಸವೆದ ಕಡೆ ಬೆವರು ತಾಗಿ ತುಕ್ಕು ಏಳುವುದು, ಬಿಳಿ ಅಂಗಿಗೆ ಕಲೆ ಅಂಟುವುದು ಇದರಿಂದಲೇ.

ಇನ್ನು ಬಿದ್ರಿ. ಸುಮಾರು 16 ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ತಿಕ್ಕಿ, ಗೆರೆ ಕಾಣಲೆಂದು ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಉಳಿಯಿಂದ ಗೆರೆ ಕೊರೆದು, ಆ ಗೆರೆಯೊಳಗೆ ಬೆಳ್ಳಿ ತಂತಿಯನ್ನು ಬಡಿದು ಕೂರಿಸುತ್ತಾರೆ. ಮತ್ತೆ ಉಜ್ಜಿದಾಗ ಇಡೀ ಬಿಲ್ಲೆ ಬೂದು ಬಣ್ಣಕ್ಕೆ ತಿರುಗುತ್ತದೆ, ಬೆಳ್ಳಿ ಎಲ್ಲಿದೆ ಎಂದು ಹುಡುಕಬೇಕು. ಹದವಾಗಿ ಕಾಯಿಸಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ (ಅಮೋನಿಯಂ ಕ್ಲೋರೈಡ್) ಕಲಸಿದ ರಾಡಿ ಸವರಿದೊಡನೆ ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ತೊಳೆದು ಎಣ್ಣೆ ಸವರಿದರೆ ಆ ಕಪ್ಪಿಗೆ ಆಳ ಬರುತ್ತದೆ. ಇದು ಮೇಲೆ ಬಳಿದ ಬಣ್ಣವಲ್ಲ, ಲೋಹದ ಮೈಯೇ ತಿರುಗಿದ್ದು. ಹಾಗಾಗಿ ಸಿಪ್ಪೆ ಏಳುವುದಿಲ್ಲ, ಮಂಕಾದರೆ ಒಂದು ಹನಿ ಕೊಬ್ಬರಿ ಎಣ್ಣೆ ಸಾಕು. ಹತ್ತು ಪಿನ್ನು ಪಕ್ಕದಲ್ಲಿಟ್ಟು ಭೂತಗನ್ನಡಿಯಲ್ಲಿ ನೋಡಿ. ಎಲ್ಲದರ ಬಳ್ಳಿಯೂ ಕೂದಲೆಳೆ ವ್ಯತ್ಯಾಸವಿಲ್ಲದೆ ಒಂದೇ ತರ ಇದ್ದರೆ ಅದು ಕೈಕೆಲಸವಲ್ಲ.

ಬಿದ್ರಿಯಲ್ಲಿ ಪಿನ್ನು ಮಾಡಿಸುವಾಗ ಕೆಡುವುದು ಎರಡು ಕಡೆ. ಹಿತ್ತಾಳೆಯ ಅಳತೆಯನ್ನೇ ಕೊಟ್ಟು 1.5 ಮಿ.ಮೀ. ದಪ್ಪ ಕೇಳುತ್ತಾರೆ. ಸತುವಿನ ಎರಕ ಪೆಡಸು, ಉಳಿಯ ಏಟಿಗೆ ಬಿರುಕು ಬಿಡುತ್ತದೆ. 2.5 ಮಿ.ಮೀ. ಇಡಿಸಿ. ಎರಡನೆಯದು ಹಿಂದಿನ ಮೊಳೆ. ಮೊದಲೇ ಬೆಸೆದರೆ ನವಸಾಗರ ಉಕ್ಕಿನ ಮೊಳೆಯನ್ನು ತಿನ್ನುತ್ತದೆ. ಕಪ್ಪು ಮಾಡಿದ ಮೇಲೆ ಗ್ಯಾಸಿನ ಜ್ವಾಲೆ ಹಿಡಿದರೆ ಬಿಲ್ಲೆಯೇ ಕರಗುತ್ತದೆ, ಸತು ಸುಮಾರು 420 ಡಿಗ್ರಿ ಸೆಲ್ಸಿಯಸ್‌ಗೇ ನೀರಾಗುವ ಲೋಹ. ಕಪ್ಪು ಮಾಡಿದ ನಂತರ ಹಿಂಬದಿಯಲ್ಲಿ ಮೊಳೆ ಕೂರುವಷ್ಟು ಜಾಗ ಕೆರೆದು, ತವರದ ಬೆಸುಗೆಯನ್ನು ಸೋಲ್ಡರಿಂಗ್ ಕಡ್ಡಿಯಿಂದಲೇ ಹಾಕಬೇಕು. ಕೆರೆಯದಿದ್ದರೆ ಬೆಸುಗೆ ಹಿಡಿಯುವುದಿಲ್ಲ.

25 ಮಿ.ಮೀ.ನ ಇಂಥ ಬಿಲ್ಲೆ ಸುಮಾರು 9 ಗ್ರಾಂ ತೂಗುತ್ತದೆ. ಒಂದೇ ಮೊಳೆಯಾದರೆ ತೆಳು ಅಂಗಿಯ ಮೇಲೆ ತಲೆಕೆಳಗಾಗಿ ತಿರುಗುತ್ತದೆ, ಎರಡು ಮೊಳೆ ಹಾಕಿಸಿ. ರೇಷ್ಮೆ ಸೀರೆಗೆ ತೂತು ಬೀಳದಿರಲೆಂದು ಅಯಸ್ಕಾಂತದ ಹಿಡಿ ಇಡುವುದುಂಟು. ಎದೆಯಲ್ಲಿ ಪೇಸ್‌ಮೇಕರ್ ಇರುವ ಹಿರಿಯರಿಗೆ ಅದನ್ನು ಹಾಕಬೇಡಿ.

ಅಚ್ಚು ಒಂದಾದರೆ ಹಿತ್ತಾಳೆ ಪಿನ್ನು ಸಾವಿರ ಬರುತ್ತವೆ, ಬಿದ್ರಿಯಲ್ಲಿ ಪ್ರತಿ ಬಿಲ್ಲೆಗೂ ಉಳಿ ಹಿಡಿಯಬೇಕು. ವೇದಿಕೆಯ ಮೇಲಿನ ಇಪ್ಪತ್ತು ಅತಿಥಿಗಳಿಗೆ ಬಿದ್ರಿ, ಉಳಿದವರಿಗೆ ಹಿತ್ತಾಳೆಯ ಹಾರ್ಡ್ ಎನಾಮೆಲ್ ಎಂದು ಚೀಟಿಯಲ್ಲಿ ಬೇರೆ ಬೇರೆ ಬರೆಯಿರಿ. ರಾಜ್ಯೋತ್ಸವದ ಬಿದ್ರಿ ಪಿನ್ನಿಗೆ ಆಗಸ್ಟ್‌ನಲ್ಲೇ ಚಿತ್ರ ಕೊಟ್ಟು, ಒಂದು ಮಾದರಿ ಕೈಗೆ ಬಂದ ಮೇಲೆ ಉಳಿದದ್ದಕ್ಕೆ ಒಪ್ಪಿಗೆ ಕೊಡಿ.

— ಬಿದ್ರಿ ಮತ್ತು ಬ್ಯಾಡ್ಜ್ ಕೆಲಸದವರು, ಬೀದರ್