ಮುಸುರೆಯನ್ನಷ್ಟೇ ಬೈಯಬೇಡಿ, ಗಂಡು ಹಂದಿಯನ್ನೂ ನೋಡಿ

ಮಾನ್ಯ ಸಂಪಾದಕರೇ,

ಭಾನುವಾರ ಚರ್ಚಿನ ಪೂಜೆ ಮುಗಿಸಿ ಹಂದಿ ಮಾಂಸದ ಅಂಗಡಿಗೆ ಬರುವವರ ಮಾತು ಒಂದೇ: ‘ಕೊಬ್ಬು ಜಾಸ್ತಿ ಹಾಕ್ಬೇಡಿ.’ ಅಂಗಡಿಯವರು ಅದನ್ನೇ ಹಂದಿ ಸಾಕುವ ನಮಗೆ ಹೇಳಿ ದರ ಇಳಿಸುತ್ತಾರೆ. ಹೋಟೆಲ್ ಮುಸುರೆ ತಿನ್ನಿಸಿದರೆ ಹೀಗೇ ಆಗುವುದು ಅನ್ನುತ್ತಾರೆ.

ನಾನು ಶಿರ್ವದಲ್ಲಿ ಹನ್ನೆರಡು ವರ್ಷದಿಂದ ಹಂದಿ ಸಾಕುತ್ತಿದ್ದೇನೆ. ಮುಸುರೆಯದ್ದು ತಪ್ಪೇ ಇಲ್ಲ ಎನ್ನಲಾರೆ. ಆದರೆ ಒಂದೇ ಗೂಡಿನಲ್ಲಿ ಒಂದೇ ಮೇವು ತಿಂದ ಎರಡು ಹಂದಿಗಳನ್ನು ಕಡಿದಾಗ, ಒಂದರ ಬೆನ್ನಿನ ಕೊಬ್ಬು ಎರಡು ಬೆರಳು ದಪ್ಪ, ಇನ್ನೊಂದರದ್ದು ಒಂದೇ ಬೆರಳು ಇರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಇಂಥ ವ್ಯತ್ಯಾಸದಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಹುಟ್ಟಿನಿಂದಲೇ ಬರುತ್ತದೆ ಎನ್ನುವುದು ತಳಿ ವಿಜ್ಞಾನದ ಲೆಕ್ಕ. ಅಂದರೆ ಅಪ್ಪ ಅಮ್ಮ ಯಾರು ಎನ್ನುವುದು ಮುಖ್ಯ.

ಅದರಲ್ಲೂ ಅಪ್ಪ. ಹಂದಿಯಲ್ಲಿ ಐಜಿಎಫ್2 ಎಂಬ ಒಂದು ಜೀನ್, ಅಂದರೆ ವಂಶವಾಹಿ, ಇದೆ. ಮೈಯ ಮಾಂಸ ಬೆಳೆಸುವುದರಲ್ಲಿ ಅದಕ್ಕೆ ದೊಡ್ಡ ಕೈ. ಅದರ ಡಿಎನ್‌ಎ ಬರಹದಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ಮಾಂಸ ಹೆಚ್ಚುತ್ತದೆ, ಬೆನ್ನಿನ ಕೊಬ್ಬು ಇಳಿಯುತ್ತದೆ. ಸ್ವೀಡನ್ ಮತ್ತು ಬೆಲ್ಜಿಯಂನ ವಿಜ್ಞಾನಿಗಳು 2003ರಲ್ಲಿ ಇದನ್ನು ಪತ್ತೆ ಮಾಡಿದರು. ಈ ಬದಲಾವಣೆ ಅಪ್ಪನಿಂದ ಬಂದ ಮರಿಗಳ ಸ್ನಾಯುವಿನಲ್ಲಿ ಆ ಜೀನ್ ಮೂರು ಪಟ್ಟು ಚುರುಕಾಗಿ ಕೆಲಸ ಮಾಡುತ್ತದೆ. ಅಮ್ಮನಿಂದ ಬಂದರೆ ಸುಮ್ನೆ ಕೂತಿರುತ್ತದೆ! ಓದಿದಾಗ ನನಗೆ ನಂಬಲಿಕ್ಕೇ ಆಗಲಿಲ್ಲ. ನಮ್ಮಂಥವರಿಗೆ ಇದು ಎಷ್ಟು ಒಳ್ಳೆಯ ಸುದ್ದಿ ನೋಡಿ. ಮರಿ ಚೆನ್ನಾಗಿ ಹಾಕುವ, ಊರಿನ ಹವೆಗೆ ಒಗ್ಗಿದ, ಸ್ವಲ್ಪ ಕೊಬ್ಬಿರುವ ಹೆಣ್ಣು ಹಂದಿಯನ್ನು ಮಾರಬೇಕಾಗಿಲ್ಲ. ಗಂಡು ಒಂದು ಸರಿಯಾದದ್ದು ಸಿಕ್ಕರೆ ಸಾಕು.

ಆದರೆ ನಾವು ಗಂಡನ್ನು ಆರಿಸುವುದು ಹೇಗೆ? ಮರಿಗಳಿಗೆ ಎರಡು ತಿಂಗಳಾದಾಗ ಕೊಳ್ಳುವವರು ಬರುತ್ತಾರೆ. ಎಲ್ಲಕ್ಕಿಂತ ದಪ್ಪಗೆ, ಉದ್ದಕ್ಕೆ ಬೆಳೆದ ಗಂಡುಗಳನ್ನು ಮೊದಲು ಎತ್ತಿಕೊಂಡು ಹೋಗುತ್ತಾರೆ. ಯಾರಿಗೂ ಬೇಡವಾಗಿ ಉಳಿದ ಗಂಡು ಗೂಡಿನಲ್ಲೇ ಬೆಳೆಯುತ್ತದೆ. ಮುಂದೆ ಅದೇ ಮನೆಯ ಬೀಜದ ಹಂದಿ. ಅದು ಅಕ್ಕತಂಗಿಯರ ಮೇಲೂ ಹತ್ತುತ್ತದೆ, ತಾಯಿಯ ಮೇಲೂ ಹತ್ತುತ್ತದೆ. ನಾನೂ ಮೂರು ವರ್ಷ ಇದೇ ತಪ್ಪು ಮಾಡಿದೆ. ಹನ್ನೊಂದು ಹಾಕುತ್ತಿದ್ದ ಹಂದಿ ಏಳಕ್ಕೆ ಇಳಿಯಿತು. ಎಂಟು ತಿಂಗಳಿಗೆ ಬರುತ್ತಿದ್ದ ತೂಕಕ್ಕೆ ಹತ್ತು ತಿಂಗಳು ಬೇಕಾಯಿತು. ಒಳ್ಳೆಯದನ್ನು ಮಾರಿ ಕೆಟ್ಟದ್ದನ್ನು ಬೀಜಕ್ಕೆ ಇಟ್ಟುಕೊಳ್ಳುತ್ತಿದ್ದೇನೆ ಅಂತ ನನಗೆ ಹೊಳೆದದ್ದೇ ಆಗ.

ಹಾಗಂತ ಕೊಬ್ಬೇ ಇಲ್ಲದ ಹಂದಿಯ ಹಿಂದೆ ಓಡುವುದೂ ಬೇಡ. ಬೆಲ್ಜಿಯಂನ ಪಿಯೆಟ್ರೇನ್ ತಳಿಯಲ್ಲಿ ಮಾಂಸ ಬಹಳ, ಕೊಬ್ಬು ಕಡಿಮೆ. ಆದರೆ ಆ ತಳಿಯಲ್ಲಿ ಹ್ಯಾಲೋಥೇನ್ ಜೀನ್ ಎಂಬ ದೋಷ ತುಂಬಾ ಕಂಡುಬಂದಿತ್ತು. ಅಪ್ಪ ಅಮ್ಮ ಇಬ್ಬರಿಂದಲೂ ಅದು ಬಂದ ಹಂದಿ ಸೆಕೆ, ಓಡಾಟ, ಗಾಬರಿ ತಡೆಯುವುದಿಲ್ಲ. ಟೆಂಪೋಗೆ ಹತ್ತಿಸುವಾಗಲೇ ಬಿದ್ದು ಸಾಯಬಹುದು. ಮಾಂಸವೂ ಬಿಳಚಿಕೊಂಡು ನೀರು ಬಿಡುತ್ತದೆ. ಒಂದೇ ಕಡೆಯಿಂದ ಬಂದಿದ್ದರೆ ಹೊರಗಿನಿಂದ ನೋಡಿ ಗುರುತಿಸಲಿಕ್ಕಾಗದು. ರಕ್ತದ ಡಿಎನ್‌ಎ ಪರೀಕ್ಷೆಯೇ ಆಗಬೇಕು. 1991ರಲ್ಲಿ ಆ ದೋಷದ ಮೂಲ ಗೊತ್ತಾದಾಗಿನಿಂದ ಈ ಪರೀಕ್ಷೆಗೆ ದಾರಿಯಾಗಿದೆ. ಏಪ್ರಿಲ್ ತಿಂಗಳ ನಮ್ಮ ಕರಾವಳಿಯ ಸೆಕೆಗೆ ಅಂಥ ಹಂದಿ ತಂದರೆ ಗತಿಯೇನು? ಇನ್ನೊಂದು ಮಾತು. ಮದುವೆಗೆ ಮುಂಚಿನ ರೋಸ್ ಶಾಸ್ತ್ರದ ದಿನ ಮಾಡುವ ಬಾಫಾತ್ ಎಂಬ ಹಂದಿ ಮಾಂಸದ ಸಾರಿಗೆ ತೊಗಲು, ಕೊಬ್ಬು, ಮಾಂಸ ಮೂರೂ ಇರುವ ತುಂಡೇ ಬೇಕು. ಕೊಬ್ಬಿಲ್ಲದ ಬಾಫಾತ್ ಬಾಫಾತೇ ಅಲ್ಲ. ನಮಗೆ ಬೇಕಾದದ್ದು ಹದವಾದ ಕೊಬ್ಬು, ಅಲ್ವಾ?

ಪಶುಪಾಲನಾ ಇಲಾಖೆಗೆ ನನ್ನ ಬೇಡಿಕೆ ದೊಡ್ಡದೇನಲ್ಲ. ಹ್ಯಾಲೋಥೇನ್ ಮತ್ತು ಐಜಿಎಫ್2 ಪರೀಕ್ಷೆ ಮಾಡಿಸಿದ, ಬೆನ್ನಿನ ಕೊಬ್ಬು ಅಳೆದ ಕೆಲವು ಗಂಡು ಹಂದಿಗಳ ವೀರ್ಯ ನಮ್ಮ ತಾಲೂಕುಗಳಿಗೆ ಸಿಗಲಿ. ಕೊಬ್ಬು ಅಳೆಯಲು ಹಂದಿ ಕಡಿಯಬೇಕಿಲ್ಲ. ಕೊನೆಯ ಪಕ್ಕೆಲುಬಿನ ಹತ್ತಿರ, ಬೆನ್ನಿನ ನಡುಗೆರೆಯಿಂದ ಆರೂವರೆ ಸೆಂಟಿಮೀಟರ್ ಪಕ್ಕಕ್ಕೆ ಸ್ಕ್ಯಾನ್ ಮಾಡಿದರೆ ಗೊತ್ತಾಗುತ್ತದೆ. ಹಂದಿಯ ವೀರ್ಯವನ್ನು ದನದ್ದರ ಹಾಗೆ ಹೆಪ್ಪುಗಟ್ಟಿಸಿದರೆ ಅಷ್ಟು ಚೆನ್ನಾಗಿ ಉಳಿಯುವುದಿಲ್ಲ, ನಿಜ. ಆದರೆ ತಕ್ಕ ದ್ರಾವಣದಲ್ಲಿ ಬೆರೆಸಿ 17 ಡಿಗ್ರಿಯಲ್ಲಿ ಇಟ್ಟರೆ ಎರಡು ಮೂರು ದಿನ ಬರುತ್ತದೆ. ಬೆಂಗಳೂರಿನಿಂದ ಉಡುಪಿಗೆ ಬಸ್ಸಿನಲ್ಲಿ ಒಂದು ರಾತ್ರಿಯ ದಾರಿ.

ಮರಿಗಳಿಗೆ ಹಾಲು ಬಿಡಿಸಿದ ವಾರದೊಳಗೆ ಹೆಣ್ಣು ಹಂದಿ ಬೆದೆಗೆ ಬರುತ್ತದೆ. ನನ್ನ ಎರಡು ಹಂದಿಗಳ ಮರಿಗಳನ್ನು ಮುಂದಿನ ತಿಂಗಳು ಬಿಡಿಸಬೇಕು. ಅಷ್ಟರೊಳಗೆ ಇಲಾಖೆಯಿಂದ ಒಂದು ಉತ್ತರ ಬಂದರೆ ದೊಡ್ಡ ಉಪಕಾರ.

– ಒಬ್ಬ ಹಂದಿ ಸಾಕಣೆದಾರ, ಶಿರ್ವ, ಉಡುಪಿ ಜಿಲ್ಲೆ