ಎರಡೆಳೆ

ಲಂಡನ್, ಭಾನುವಾರ ಸಂಜೆ

ಪ್ರೀತಿಯ ಅಮ್ಮನಿಗೆ ನಮಸ್ಕಾರ.

ಚೆನ್ನಾಗಿದ್ದೇನೆ. ನೀನು ಕಳಿಸಿದ ಚಟ್ನಿಪುಡಿ ಇನ್ನೂ ಅರ್ಧ ಡಬ್ಬಿ ಇದೆ.

ನಿನ್ನೆ ಇಲ್ಲಿಯ ಸೈನ್ಸ್ ಮ್ಯೂಸಿಯಂಗೆ ಹೋಗಿದ್ದೆ. ಅಲ್ಲಿ ಕೇಂಬ್ರಿಡ್ಜಿನ ವಿಜ್ಞಾನಿಗಳಾದ ವಾಟ್ಸನ್, ಕ್ರಿಕ್ 1953ರಲ್ಲಿ ಕಟ್ಟಿದ ಡಿಎನ್‌ಎ, ಅಂದರೆ ಹೆತ್ತವರ ಗುಣಗಳನ್ನು ಮಕ್ಕಳಿಗೆ ಒಯ್ಯುವ ಅಣುವಿನ ಮಾದರಿ ಇದೆ. ಆಗಿನ ತಗಡುಗಳಲ್ಲಿ ಉಳಿದ ಕೆಲವನ್ನು ಬಳಸಿ ಮತ್ತೆ ಜೋಡಿಸಿದ್ದು. ಅದರ ಮುಂದೆ ನಿಂತಾಗ ನೀನೇ ನೆನಪಾದೆ. ದೀಪಕ್ಕೆ ಎರಡು ಬತ್ತಿ ಸೇರಿಸಿ ಹೊಸೆಯುತ್ತೀಯಲ್ಲ, ಥೇಟ್ ಹಾಗೇ ಇದೆ.

ಮೊದಲು ಅವರು ಕಟ್ಟಿದ್ದು ಎರಡೆಳೆ ಅಲ್ಲ, ಜಡೆಯ ಹಾಗೆ ಮೂರೆಳೆ. 1951ರಲ್ಲಿ. ಎಳೆಯ ಬೆನ್ನೆಲುಬಿನ ಭಾಗವಾದ ಫಾಸ್ಫೇಟನ್ನು ನಡುವೆ ಇಟ್ಟಿದ್ದರು. ಲಂಡನ್ನಿನ ಕಿಂಗ್ಸ್ ಕಾಲೇಜಿನಿಂದ ರೋಸಲಿಂಡ್ ಫ್ರಾಂಕ್ಲಿನ್ ಕೇಂಬ್ರಿಡ್ಜಿಗೆ ಹೋಗಿ ನೋಡಿ, ಇದು ತಪ್ಪು ಎಂದರು. ಡಿಎನ್‌ಎ ತುಂಬಾ ನೀರು ಹೀರುತ್ತದೆ, ಫಾಸ್ಫೇಟ್ ನೀರಿಗೆ ಸಿಗುವ ಹಾಗೆ ಹೊರಗಡೆಯೇ ಇರಬೇಕು ಅಂತ. ಎಷ್ಟು ಸರಳವಾದ ಮಾತು, ಅಲ್ವಾ?

ಎಳೆಯ ತೇವವನ್ನು ಹದವಾಗಿ ಕಾಯ್ದುಕೊಂಡು ಎಕ್ಸ್-ರೇ ಹಾಯಿಸುವುದು ಅವರ ಕೆಲಸ. 1952ರ ಮೇ ತಿಂಗಳಲ್ಲಿ ಅವರ ವಿದ್ಯಾರ್ಥಿ ಗಾಸ್ಲಿಂಗ್ ಜೊತೆ ತೆಗೆದ ಒಂದು ಚಿತ್ರಕ್ಕೆ 60 ಗಂಟೆಗೂ ಜಾಸ್ತಿ ಹಿಡಿಯಿತು. ಫಿಲ್ಮಿನ ಮೇಲೆ ಕಪ್ಪು ಚುಕ್ಕಿಗಳು, ನಡುವೆ ಒಂದು ಗುಣಾಕಾರ ಚಿಹ್ನೆ. ಸುರುಳಿ ಸುತ್ತಿದ ವಸ್ತುವಿನ ಗುರುತು ಅದೇ. ಒಂದು ಸುತ್ತಿಗೆ 34 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ), ಅದರೊಳಗೆ ಏಣಿಯ ಹಾಗೆ 10 ಮೆಟ್ಟಿಲು.

1953ರ ಜನವರಿಯಲ್ಲಿ, ಕಿಂಗ್ಸ್ ಕಾಲೇಜಿನಲ್ಲೇ ಇದ್ದ ವಿಜ್ಞಾನಿ ವಿಲ್ಕಿನ್ಸ್ ಆ ಚಿತ್ರವನ್ನು ವಾಟ್ಸನ್‌ಗೆ ತೋರಿಸಿದರು. ಫ್ರಾಂಕ್ಲಿನ್‌ಗೆ ಅದು ಗೊತ್ತಿರಲಿಲ್ಲ. ಅವರ ಅಳತೆಗಳಿದ್ದ ಒಂದು ವರದಿಯೂ ಕ್ರಿಕ್ ಕೈ ಸೇರಿತು. ಎರಡು ಎಳೆಗಳು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಓಡುತ್ತವೆ ಅಂತ ಕ್ರಿಕ್‌ಗೆ ಹೊಳೆದದ್ದು ಅದನ್ನು ಓದಿಯೇ. ಫೆಬ್ರವರಿ ಕೊನೆಗೆ ವಾಟ್ಸನ್ ರಟ್ಟಿನ ಚೂರುಗಳನ್ನು ಜೋಡಿಸುತ್ತ ಮೆಟ್ಟಿಲುಗಳಾಗುವ ನಾಲ್ಕು ರಾಸಾಯನಿಕಗಳಲ್ಲಿ ಎ ಜೊತೆ ಟಿ, ಜಿ ಜೊತೆ ಸಿ ಇಟ್ಟರು. ಎರಡು ಜೋಡಿಯ ಅಗಲವೂ ಒಂದೇ! ಎ ಎಷ್ಟಿರುತ್ತದೋ ಟಿ ಅಷ್ಟೇ ಇರುತ್ತದೆ ಅಂತ ಚಾರ್ಗಾಫ್ ಎಂಬ ಜೀವರಸಾಯನ ವಿಜ್ಞಾನಿ ಮೊದಲೇ ಲೆಕ್ಕ ಹಾಕಿದ್ದರು. ಅದಕ್ಕೂ ಇದು ಸರಿಹೊಂದಿತು.

ನೊಬೆಲ್ ಬಂದದ್ದು 1962ರಲ್ಲಿ, ವಾಟ್ಸನ್, ಕ್ರಿಕ್, ವಿಲ್ಕಿನ್ಸ್‌ಗೆ. ಫ್ರಾಂಕ್ಲಿನ್ 1958ರಲ್ಲೇ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ಆಗ ಅವರಿಗೆ 37 ವರ್ಷ, ಅಷ್ಟೇ. ಅದನ್ನು ಓದಿ ನನಗೆ ಗಂಟಲು ಕಟ್ಟಿತು.

ಪುಟ್ಟಿ ಪಿಯುಸಿ ಪರೀಕ್ಷೆಗೆ ವಾಟ್ಸನ್, ಕ್ರಿಕ್ ಅಂತ ಎರಡೇ ಹೆಸರು ಬಾಯಿಪಾಠ ಮಾಡುತ್ತಿರುತ್ತಾಳೆ. ಈ ಪತ್ರ ಅವಳಿಗೆ ಓದಿ ಹೇಳಮ್ಮ. ಆಮೇಲೆ ಎರಡು ಬತ್ತಿ ತೆಗೆದುಕೊಂಡು, ಒಂದರ ತುದಿ ಮೇಲೆ, ಇನ್ನೊಂದರ ತುದಿ ಕೆಳಗೆ ಬರುವಂತೆ ಇಟ್ಟು ಹೊಸೆದು ತೋರಿಸು.

ಅಪ್ಪನಿಗೆ ನಮಸ್ಕಾರ ಹೇಳು.

ನಿನ್ನ ಮಗಳು