ತೌಡಿನ ಜೊತೆ ಹೋಗುವುದೇನು?

ಸಂಪಾದಕರೇ,

ಅನ್ನದ ಮಾತು ಬಂದರೆ ಸಾಕು, ಸಕ್ಕರೆ ಕಾಯಿಲೆ, ಬೊಜ್ಜು, ಅಲ್ಲಿಗೇ ಚರ್ಚೆ ನಿಲ್ಲುತ್ತದೆ. ಮೂರು ಹೊತ್ತೂ ಅನ್ನವನ್ನೇ ಉಣ್ಣುವ, ಜೊತೆಗೆ ಬೇಳೆ, ಸೊಪ್ಪು, ಮೀನು ಜಾಸ್ತಿ ಹಾಕಿಕೊಳ್ಳಲು ಆಗದ ಬಡವರ ಪ್ರಶ್ನೆಯೇ ಬೇರೆ. ಅವರ ಅಕ್ಕಿ ಗಿರಣಿಯಿಂದ ಏನಾಗಿ ಹೊರಬಂತು ಅನ್ನುವುದು ಮುಖ್ಯ.

ಭತ್ತದ ಹೊಟ್ಟು ಬಿಡಿಸಿದ ಮೇಲೆ ಕಾಳಿನ ಮೈಮೇಲೆ ಕಂದು ಪದರ ಉಳಿಯುತ್ತದಲ್ಲ, ಅದೇ ತೌಡು. ತೂಕದಲ್ಲಿ ಸುಮಾರು ಹತ್ತನೇ ಒಂದು ಪಾಲು. ಆದರೆ ಬಿ1 ವಿಟಮಿನ್, ಅಂದರೆ ಥಯಾಮಿನ್, ಹೆಚ್ಚಾಗಿ ಇರುವುದು ಅಲ್ಲಿ ಮತ್ತು ಕಾಳಿನ ತುದಿಯ ಮೊಳಕೆಯಲ್ಲಿ. ಅಕ್ಕಿ ಬೆಳ್ಳಗೆ ಹೊಳೆಯುವ ತನಕ ಉಜ್ಜಿದರೆ ಐದರಲ್ಲಿ ನಾಲ್ಕು ಪಾಲು ಥಯಾಮಿನ್ ಹೊರಟುಹೋಗುತ್ತದೆ. ಉಳಿದದ್ದರಲ್ಲಿ ಒಂದಿಷ್ಟು ಅಕ್ಕಿ ತೊಳೆದ ನೀರಿಗೆ, ಮತ್ತೊಂದಿಷ್ಟು ಬಸಿದ ಗಂಜಿಗೆ.

ಇದರ ಪರಿಣಾಮ ಬೆರಿಬೆರಿ ಎಂಬ ಕಾಯಿಲೆ. ಕಾಲು ಜೋಮು ಹಿಡಿಯುತ್ತದೆ, ಮೈ ಊದಿಕೊಳ್ಳುತ್ತದೆ, ಕೊನೆಗೆ ಹೃದಯ ಸೋಲುತ್ತದೆ. ತಾಯಿಗೆ ಥಯಾಮಿನ್ ಸಾಲದಿದ್ದರೆ ಎದೆಹಾಲಿನಲ್ಲೂ ಸಾಕಷ್ಟು ಇರುವುದಿಲ್ಲ, ಎರಡು ಮೂರು ತಿಂಗಳ ಕೂಸು ಇದ್ದಕ್ಕಿದ್ದಂತೆ ತೀರಿಕೊಳ್ಳಬಹುದು. ನನಗೆ ಇದನ್ನು ಓದಿ ಸುಮ್ನೆ ಕೂರಲು ಆಗಲಿಲ್ಲ.

1890ರ ದಶಕದಲ್ಲಿ ಜಾವಾದಲ್ಲಿ ಐಕ್‌ಮನ್ ಎಂಬ ಡಚ್ ವೈದ್ಯರು ಬಿಳಿ ಅಕ್ಕಿ ತಿಂದ ಕೋಳಿಗಳ ಕಾಲು ಸೋಲುವುದನ್ನು, ತೌಡು ಕೊಟ್ಟರೆ ಅವು ಚೇತರಿಸಿಕೊಳ್ಳುವುದನ್ನು ಕಂಡರು. ಅದಕ್ಕೆ 1929ರಲ್ಲಿ ನೊಬೆಲ್ ಬಂತು. ಆದರೆ ನನ್ನನ್ನು ಹೆಚ್ಚು ತಟ್ಟಿದ್ದು ಫ್ಲೆಚರ್ ಎಂಬ ವೈದ್ಯರು 1905-06ರಲ್ಲಿ ಕೌಲಾಲಂಪುರದ ಮಾನಸಿಕ ಆಸ್ಪತ್ರೆಯಲ್ಲಿ ಮಾಡಿದ ಪರೀಕ್ಷೆ. ರೋಗಿಗಳನ್ನು ಎರಡು ಪಾಲು ಮಾಡಿ ಒಂದು ಗುಂಪಿಗೆ ಬಿಳಿ ಅಕ್ಕಿ, ಇನ್ನೊಂದಕ್ಕೆ ಕುಚ್ಚಲಕ್ಕಿ ಹಾಕಿದರು. ಬಿಳಿ ಅಕ್ಕಿ ಉಂಡವರಲ್ಲಿ ಹತ್ತಾರು ಜನಕ್ಕೆ ಬೆರಿಬೆರಿ ಬಂತು, ಹಲವರು ಸತ್ತರು. ಜಾಗದ ದೋಷವೇನೋ ಎಂದು ನಡುವೆ ಎರಡೂ ಗುಂಪುಗಳ ವಾರ್ಡು ಅದಲು ಬದಲು ಮಾಡಿದರು. ಕಾಯಿಲೆ ವಾರ್ಡಿನಲ್ಲಿ ಉಳಿಯಲಿಲ್ಲ, ಬಿಳಿ ಅಕ್ಕಿಯವರ ಹಿಂದೆಯೇ ಹೋಯಿತು.

ಕುಚ್ಚಲಕ್ಕಿಯ ಗುಟ್ಟು ಇಷ್ಟೇ. ಭತ್ತವನ್ನು ಹೊಟ್ಟಿನ ಸಮೇತ ನೆನೆಸಿ, ಬೇಯಿಸಿ, ಒಣಗಿಸಿ ಆಮೇಲೆ ಗಿರಣಿಗೆ ಹಾಕುತ್ತಾರೆ. ನೆನೆದು ಬೇಯುವಾಗ ಹೊರಪದರದ ವಿಟಮಿನ್ ನೀರಿನ ಜೊತೆ ಕಾಳಿನ ಒಳಗೆ ಇಳಿಯುತ್ತದೆ. ಆಮೇಲೆ ಪಾಲಿಶ್ ಮಾಡಿದರೂ ಬಿಳಿ ಅಕ್ಕಿಗಿಂತ ಎರಡು ಮೂರು ಪಟ್ಟು ಥಯಾಮಿನ್ ಉಳಿಯುತ್ತದೆ. ವಿಟಮಿನ್ ಎಂಬ ಪದ ಹುಟ್ಟುವ ಎಷ್ಟೋ ಮೊದಲೇ ಇದನ್ನು ರೂಢಿಗೆ ತಂದವರು ಭತ್ತ ಬೇಯಿಸುತ್ತಿದ್ದ ಸಾಮಾನ್ಯ ಜನ!

ಎಲ್ಲರೂ ಪಾಲಿಶ್ ಮಾಡದ ಅಕ್ಕಿಯನ್ನೇ ತಿನ್ನಲಿ ಅಂತ ನಾನು ಹೇಳುತ್ತಿಲ್ಲ. ತೌಡಿನಲ್ಲಿ ಎಣ್ಣೆ ಇರುವುದರಿಂದ ಅಂಥ ಅಕ್ಕಿ ಬೇಗ ಮುಗ್ಗುಲು ಹಿಡಿಯುತ್ತದೆ, ಬೇಯಲು ಸೌದೆ ಜಾಸ್ತಿ ಬೇಕು, ಅದರಲ್ಲಿನ ಫೈಟೇಟ್ ಎಂಬ ಅಂಶ ಕಬ್ಬಿಣ ಮತ್ತು ಸತುವನ್ನು ದೇಹ ಪೂರ್ತಿ ಹೀರಿಕೊಳ್ಳಲು ಬಿಡುವುದಿಲ್ಲ. ಅಂತರ್ಜಲದಲ್ಲಿ ಆರ್ಸೆನಿಕ್ ಎಂಬ ವಿಷ ಇರುವ ಕಡೆ ಅದು ತೌಡಿನಲ್ಲೇ ಹೆಚ್ಚು ಸೇರುತ್ತದೆ. ಕಷ್ಟ ಇದೆ, ಒಪ್ಪುತ್ತೇನೆ. ಆದರೆ ಎಲ್ಲ ತೆಗೆದುಹಾಕಿ ಆಮೇಲೆ ಒಂದೆರಡು ಪೋಷಕಾಂಶ ಬೆರೆಸಿದರೆ ಮುಗಿಯಿತು ಅನ್ನುವುದೂ ಸರಿಯಲ್ಲ, ಅಲ್ವಾ?

ನನ್ನ ಕೇಳಿಕೆ ಸಣ್ಣದು. ಎಷ್ಟು ಪಾಲಿಶ್ ಮಾಡಲಾಗಿದೆ ಎಂದು ಅಕ್ಕಿ ಚೀಲದ ಮೇಲೆ ಬರೆಯಲಿ. ಬಡವರಿಗೆ ಹಂಚುವ ಅಕ್ಕಿಯಲ್ಲಿ ಅರ್ಧ ಪಾಲಿಶ್ ಅಥವಾ ಕುಚ್ಚಲಕ್ಕಿಗೆ ಮೊದಲ ಜಾಗ ಸಿಗಲಿ. ಗರ್ಭಿಣಿಯರಿಗೆ ಊಟದ ಸಲಹೆ ಕೊಡುವವರು "ಅನ್ನ ಉಣ್ಣುತ್ತೀರಾ" ಎಂದಷ್ಟೇ ಕೇಳದೆ, "ಯಾವ ಅಕ್ಕಿ, ಗಂಜಿ ಬಸಿದು ಚೆಲ್ಲುತ್ತೀರಾ" ಅಂತಲೂ ಕೇಳಲಿ.

ಇಂತಿ,
ನಿಮ್ಮ ಓದುಗ